ಸೇಸಮ್ಮನ ಬೆಲ್ಲ ನಿಂತುಹೋದ ಬಗ್ಗೆ

ಸತ್ಕಾರ ಸಪ್ತಾಹದ ವಿಶೇಷಾಧಿಕಾರಿಗಳೇ,

ಪುಂಜಾಲಕಟ್ಟೆಯ ಒಂದು ಸಣ್ಣ ಹೋಟೆಲಿನಲ್ಲಿ ಬಂದವರಿಗೆಲ್ಲ ಬೆಲ್ಲ, ನೀರು ಕೊಡುವ ಪದ್ಧತಿಯಿತ್ತು. ಕಳೆದ ತಿಂಗಳು ಅದು ನಿಂತುಹೋಯಿತು. ನಿಲ್ಲಿಸಿದವನು ನಾನು; ನನ್ನಿಂದ ಹಾಗೆ ಮಾಡಿಸಿದ್ದು ತಮ್ಮ ಸುತ್ತೋಲೆ. ಪಾಪದಲ್ಲಿ ಅರ್ಧ ಪಾಲು ತಮಗೂ ಸಲ್ಲಬೇಕಾದ್ದರಿಂದ ನಾಲ್ಕು ಜನ ಓದುವ ಹಾಗೆ ಬರೆಯುತ್ತಿದ್ದೇನೆ.

ಹೋಟೆಲು, ಬಸ್ಸು, ಬ್ಯಾಂಕು, ಆಸ್ಪತ್ರೆಗಳಲ್ಲಿ ಜನರನ್ನು ನಗುಮುಖದಿಂದ ಕಾಣಬೇಕು, ತಮ್ಮ ಕಡೆಯವರು ಮಾರುವೇಷದಲ್ಲಿ ಬಂದು ಅಂಕ ಹಾಕುತ್ತಾರೆ, ಗೆದ್ದವರಿಗೆ ಪ್ರಶಸ್ತಿಪತ್ರ ಉಂಟು ಎಂದು ತಾವು ಸಾರಿದಿರಿ. ಕಳ್ಳರನ್ನು ಹಿಡಿಯಲು ಪೊಲೀಸರು ಮಫ್ತಿಯಲ್ಲಿ ಹೋಗುವುದನ್ನು ಕೇಳಿದ್ದೇನೆ. ಒಳ್ಳೆಯವರನ್ನು ಹಿಡಿಯಲೂ ಮಫ್ತಿ ಬೇಕೇ?

ಈ ಸುತ್ತೋಲೆಯ ಸುದ್ದಿ ನನಗೆ ಗೊತ್ತಿರಲಿಲ್ಲ. ನಾನು ಮೂಡಬಿದ್ರೆಯ ಒಬ್ಬ ಶಾಲಾ ಮಾಸ್ತರ. ಆ ದಿನ ಹೊಸದಾಗಿ ಹೊಲಿಸಿದ ಸಫಾರಿ ತೊಟ್ಟು, ಕೈಯಲ್ಲೊಂದು ಡೈರಿ ಹಿಡಿದು, ಬಿ.ಸಿ.ರೋಡಿನಿಂದ ಬೆಳ್ತಂಗಡಿಗೆ ಹೊರಟಿದ್ದೆ. ನಿಲ್ದಾಣದ ಹೋಟೆಲಿನವನು ನನ್ನ ಮೇಜನ್ನು ಎರಡು ಸಲ ಒರೆಸಿದಾಗಲೇ ನನಗೆ ಅನುಮಾನ ಬಂತು. ಬಸ್ಸು ಹತ್ತಿದರೆ ಕಂಡಕ್ಟರ್ ಲೋಕನಾಥ, ಮೊಣಕಾಲು ನೋವಿನ ಹಾಜಬ್ಬ ಎಂಬ ಮುದುಕರನ್ನು ಮುಂದಿನ ಸೀಟಿನಿಂದ ಎಬ್ಬಿಸಿ ನನ್ನನ್ನು ಕೂರಿಸಿದ. ಬೇಡವೆಂದರೂ ಕೇಳಲಿಲ್ಲ. ನನ್ನ ಕಿವಿಯ ಹತ್ತಿರ ಬಗ್ಗಿ, "ಸರ್, ನಮ್ಮ ಬಸ್ಸಿಗೆ ಮಾರ್ಕು ಸ್ವಲ್ಪ ನೋಡಿ ಹಾಕಿ, ಆಯ್ತಾ?" ಎಂದ. ವಿಷಯವೇನೆಂದು ಕೇಳಿ ತಿಳಿದುಕೊಂಡು, ನಾನು ಬರೀ ಮಾಸ್ತರನೆಂದೆ.

"ನೀವು ಹಾಗೆಯೇ ಹೇಳ್ಬೇಕಲ್ವಾ ಸರ್, ನಮಗೆ ಗೊತ್ತುಂಟು" ಎಂದು ಕಣ್ಣು ಮಿಟುಕಿಸಿದ.

ಹಾಜಬ್ಬ ಕಂಬಿ ಹಿಡಿದು ನಿಂತೇ ಬಂದರು. ಇದು ತಮ್ಮ ಸತ್ಕಾರ, ಮಾನ್ಯರೇ! ಅಂಕ ಹಾಕುವವನಿಗೆ ಸೀಟು, ಕಾಲು ನೋಯುವವರಿಗೆ ಕಂಬಿ. ನಾಚಿಕೆಯಿಂದ ನಾನೂ ಎದ್ದು ನಿಂತೆ. ಆ ಸೀಟು ಪುಂಜಾಲಕಟ್ಟೆಯವರೆಗೆ ಖಾಲಿಯೇ ಬಂತು. ಕೂರಲು ಯಾರಿಗೂ ಧೈರ್ಯವಿರಲಿಲ್ಲ.

ಪುಂಜಾಲಕಟ್ಟೆಯಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಬಿಸಿಲಿಗೆ ತಲೆ ಸುತ್ತಿದಂತಾಗಿ ರುಕ್ಮಯ್ಯ ಎಂಬವರ ಹೋಟೆಲಿಗೆ ಹೋಗಿ ಕುಳಿತೆ. ನಾನು ಬಾಯಿ ತೆರೆಯುವ ಮೊದಲೇ ಅವರ ಹೆಂಡತಿ ಸೇಸಮ್ಮ ತಟ್ಟೆಯಲ್ಲಿ ಬೆಲ್ಲದ ತುಂಡು, ಚೊಂಬಿನಲ್ಲಿ ನೀರು ತಂದಿಟ್ಟು, "ಬಾಯಾರಿ ತುಂಬಾ ಆಸರಾಗಿದೆ ನಿಮಗೆ, ಮೊದಲು ಇದು ತಕೊಳ್ಳಿ" ಎಂದರು.

ನನ್ನ ಪಿತ್ತ ನೆತ್ತಿಗೇರಿತು. "ನಾನು ಅಂಕ ಹಾಕುವವನಲ್ಲಮ್ಮ. ಈ ನಾಟಕ ಬೇರೆಯವರ ಹತ್ತಿರ ಆಡಿ" ಎಂದು ತಟ್ಟೆಯನ್ನು ದೂಡಿಬಿಟ್ಟೆ.

ನಮ್ಮ ಕಡೆ ಹಗೆಯ ಮನೆಯಲ್ಲೂ ಬೆಲ್ಲ ನೀರು ಬೇಡವೆನ್ನುವುದಿಲ್ಲ. ಸೇಸಮ್ಮ ತಟ್ಟೆ ಎತ್ತಿಕೊಂಡು ಒಳಗೆ ಹೋದರು.

ಬಸ್ಸಿಗೆ ಮರಳಿ ಲೋಕನಾಥನಿಗೆ ಹೇಳಿದಾಗ ಅವನು ಬೆರಗಾದ. "ಸೇಸಮ್ಮನಾ? ಅವರಿಗೆ ನಿಮ್ಮ ಸಪ್ತಾಹ ಎಂತ ಗೊತ್ತುಂಟು ಸರ್? ಚಾ ಕುಡಿಯದೆ ಸುಮ್ಮನೆ ನೆರಳಿಗೆ ನಿಂತವರಿಗೂ ಬೆಲ್ಲ ಕೊಡ್ತಾರೆ."

ಮುಂದಿನ ವಾರ ಕ್ಷಮೆ ಕೇಳಲೆಂದೇ ಹೋಗಿ, ನಾನೊಬ್ಬ ಮಾಸ್ತರ, ತಪ್ಪಾಯಿತು ಎಂದೆ. ಸೇಸಮ್ಮ ಸಿಟ್ಟು ತೋರಿಸಲಿಲ್ಲ. ಮೇಜು ಒರೆಸಿ, "ಎಂತ ಬೇಕು?" ಎಂದು ಗಿರಾಕಿಯನ್ನು ಕೇಳುವಂತೆ ಕೇಳಿದರು. ಸುತ್ತ ನೋಡಿದೆ, ಯಾವ ಮೇಜಿನಲ್ಲೂ ಬೆಲ್ಲವಿಲ್ಲ. ಹೊರಗೆ ಬರುವಾಗ ರುಕ್ಮಯ್ಯ ಮೆಲ್ಲಗೆ ಹೇಳಿದರು: "ಕೊಟ್ಟರೆ ಜನ ಎಂತ ಎಣಿಸ್ತಾರೋ ಅಂತ ಅವಳಿಗೀಗ ಹೆದರಿಕೆ, ಮಾಸ್ಟ್ರೇ."

ಅಂದಿನಿಂದ ನನಗೆ ನೆಮ್ಮದಿಯಿಲ್ಲ. ಬ್ಯಾಂಕಿನ ಗುಮಾಸ್ತ ಕುರ್ಚಿ ತೋರಿಸಿದರೆ ಹಿಂದೆ ತಿರುಗಿ ಯಾರಿದ್ದಾರೆಂದು ನೋಡುತ್ತೇನೆ. ಆಸ್ಪತ್ರೆಯ ನರ್ಸ್ ಮೃದುವಾಗಿ ಮಾತಾಡಿದರೂ ಏನೋ ಇರಬೇಕೆಂದು ಹೆದರುತ್ತೇನೆ. ಸಿಡುಕುವವರನ್ನು ಕಂಡರೆ ಮಾತ್ರ ನಂಬಿಕೆ ಬರುತ್ತದೆ. ಇದೇ ತಮ್ಮ ಗುರಿಯಾಗಿತ್ತೇ?

ಸುತ್ತೋಲೆಯನ್ನು ಹಿಂತೆಗೆದುಕೊಳ್ಳಿ, ಮಾರುವೇಷದವರನ್ನು ಮನೆಗೆ ಕಳಿಸಿ. ಇನ್ನೊಂದು ಮಾತು. ಇದನ್ನು ಓದಿ ಸೇಸಮ್ಮನಿಗೆ ಪ್ರಶಸ್ತಿಪತ್ರ ಕೊಡುವ ಯೋಚನೆ ತಮಗೆ ಬಂದೀತು. ದಮ್ಮಯ್ಯ, ಅದೊಂದು ಬೇಡ. ಅದು ಗೋಡೆಗೇರಿದರೆ ಅವರು ಇನ್ನೆಂದೂ ಬೆಲ್ಲದ ಡಬ್ಬಿ ತೆರೆಯಲಾರರು. ಪ್ರತಿ ಶನಿವಾರ ಹೋಗಿ ಆ ಮೇಜಿನಲ್ಲಿ ಕೂರುತ್ತಿದ್ದೇನೆ. ಇವತ್ತೂ "ಎಂತ ಬೇಕು?" ಎಂದೇ ಕೇಳಿದರು.

ಇಂತಿ,
ಕೇಳಿ ಪಡೆಯಲಾಗದ್ದನ್ನು ಬೇಡವೆಂದ
ಒಬ್ಬ ಮಾಸ್ತರ, ಮೂಡಬಿದ್ರೆ
ಮೇ ೧೯೮೩