ಸುಳ್ಳು ಸಿನಿಮಾ ನಂಬಿದ ಸಾಹೇಬರಿಗೆ

ಮಾನ್ಯ ಶಿಕ್ಷಣಾಧಿಕಾರಿಗಳೇ,

ನಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುವ ಶಟ್ಟೆವ್ವನನ್ನು ಕಳ್ಳಿ ಎಂದು ಕೆಲಸದಿಂದ ತೆಗೆದಿದ್ದೀರಿ. ಅದಕ್ಕೆ ನಿಮ್ಮ ಬಳಿ ಇರುವ ಏಕೈಕ ಸಾಕ್ಷಿ, ನನ್ನ ಮೂರನೆಯ ತರಗತಿಯ ಮಕ್ಕಳು ಬೇಕೆಂದೇ ತಯಾರಿಸಿದ ಒಂದು ಸುಳ್ಳು ಸಿನಿಮಾ. ಚಿಕ್ಕ ಮಕ್ಕಳ ಕೈಚಳಕಕ್ಕೆ ಇಡೀ ಕಚೇರಿ ಮೋಸ ಹೋಗುತ್ತದೆಂದು ಗೊತ್ತಿದ್ದರೆ ಈ ಪಾಠವನ್ನು ನಿಮ್ಮಿಂದಲೇ ಶುರು ಮಾಡುತ್ತಿದ್ದೆ.

ಪುರುಸೊತ್ತಿದ್ದರೆ ಕೇಳಿ. ಮುನವಳ್ಳಿಯ ಬಸ್ಸು ಬಂದರೆ ಬಂತು ಎನ್ನುವಂಥ ನಮ್ಮೂರಿನಲ್ಲೂ ಮಕ್ಕಳು ಅಕ್ಷರಕ್ಕಿಂತ ಮೊದಲು ಮೊಬೈಲು ನೋಡುತ್ತಾರೆ, ಕಂಡದ್ದನ್ನೆಲ್ಲ ನಂಬುತ್ತಾರೆ. ಅದಕ್ಕೇ ನನ್ನ ಫೋನಿನಲ್ಲಿ ಅವರಿಂದಲೇ ಪುಟ್ಟ ಸಿನಿಮಾ ಮಾಡಿಸುತ್ತೇನೆ. ಕಥೆ ಅವರದು, ಕತ್ತರಿಯೂ ಅವರದು. ಶಟ್ಟೆವ್ವ ಎಮ್ಮೆ ಕಟ್ಟಿದವಳು. ಮನೆಯಲ್ಲಿ ಬೆಣ್ಣೆ ತೆಗೆದ ದಿನ ಒಂದು ಕೊಡ ಮಜ್ಜಿಗೆ ಹೊತ್ತು ತಂದು ಮಕ್ಕಳಿಗೆಲ್ಲ ಹೊಯ್ಯುತ್ತಾಳೆ. ಹೋಗುವಾಗ, ದಾರಿಯಲ್ಲಿ ಬರುವವರಿಗೆ ಖಾಲಿ ಕೊಡ ಎದುರಾಗಿ ಅಪಶಕುನವಾಗಬಾರದೆಂದು ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಆಚೀಚೆ ನೋಡಿ ಹೊರಡುತ್ತಾಳೆ. ಮಕ್ಕಳು ಇದನ್ನೇ ಚಿತ್ರೀಕರಿಸಿದರು. ಮೊದಲ ಭಾಗ ಕತ್ತರಿಸಿದರೆ ಕಥೆ ಏನಾಗುತ್ತದೆ ಎಂದು ಕೇಳಿದೆ. ತರಗತಿಯಲ್ಲೇ ಚುರುಕಾದ ಸಪ್ನಾ ಮುಂದೆ ಬಂದು ಕತ್ತರಿಸಿದಳು. ಮಜ್ಜಿಗೆ ತಂದದ್ದು ಹೋಯಿತು, ಹೊಯ್ದದ್ದೂ ಹೋಯಿತು. ಉಳಿದದ್ದು, ಶಾಲೆಯ ಅಡುಗೆಮನೆಯಿಂದ ಏನನ್ನೋ ಸೆರಗಿನಲ್ಲಿ ಮುಚ್ಚಿಕೊಂಡು ಹೋಗುವ ಹೆಂಗಸು. ಮಕ್ಕಳು ಬಿದ್ದು ಬಿದ್ದು ನಕ್ಕರು. ಶಟ್ಟೆವ್ವನೂ ಬಾಗಿಲಲ್ಲಿ ನಿಂತು ನಕ್ಕಳು. “ಅಯ್ಯ, ನನ್ನ ಕಳ್ಳಿ ಮಾಡಾಕ ಇಷ್ಟ ಸಾಕಾತೇನ್ರಿ ಟೀಚರ್?” ಎಂದಳು.

ಸಾಕಾಯಿತು. ‘ಸುಳ್ಳು ಸಿನಿಮಾ’, ‘ಖರೇ ಸಿನಿಮಾ’ ಎಂದು ಹೆಸರು ಬರೆದು ಎರಡನ್ನೂ ಪಾಲಕರ ಗುಂಪಿಗೆ ಕಳಿಸಿದ್ದೆ. ಯಾರೋ ಪುಣ್ಯಾತ್ಮರು ಹೆಸರು ತೆಗೆದು ಮೊದಲನೆಯದನ್ನಷ್ಟೇ ಮುಂದೆ ತಳ್ಳಿದರು. ಅದು ಫೋನಿನಿಂದ ಫೋನಿಗೆ ಹಾರಿ ತಮ್ಮ ಅಂಗೈಗೆ ಬಂದಿತು, ತಮ್ಮ ಆದೇಶವೂ ಹೊರಬಿತ್ತು. ನೀವು ಶಾಲೆಗೆ ಬಂದಿರಾ? ಮಕ್ಕಳನ್ನು ಕೇಳಿದಿರಾ? ಆ ಕೊಡದಲ್ಲಿ ಏನಿತ್ತೆಂದಾದರೂ ವಿಚಾರಿಸಿದಿರಾ? ಪೂರ್ತಿ ಸಿನಿಮಾ ಹಿಡಿದುಕೊಂಡು ನಾನೇ ಕಚೇರಿಗೆ ಬಂದೆ. ಫೋನು ಮುಂದೆ ಚಾಚಿದರೆ, “ಕಣ್ಣಾರೆ ನೋಡೇವ್ರಿ ಟೀಚರ್, ಇನ್ನೇನ್ ನೋಡೂದೈತಿ?” ಎಂದಿರಿ. ತಮ್ಮ ಚಹಾ ಆರುವುದರೊಳಗೆ ಮುಗಿಯುವ ಸಿನಿಮಾ ಅದು. ಸಿನಿಮಾ ಗಿನಿಮಾ ಬಿಟ್ಟು ಪಾಠ ಮುಗಿಸಿ ಎಂದು ಉಪದೇಶವನ್ನೂ ಕೊಟ್ಟಿರಿ. ಕೈ ಮುಗಿದು ಎದ್ದು ಬಂದೆ. ಬೇರೇನು ಮಾಡಲು ಬರುತ್ತಿತ್ತು ನನಗೆ?

ಶಟ್ಟೆವ್ವ ಈಗ ಹಿತ್ತಿಲ ದಾರಿಯಿಂದ ಹೊಲಕ್ಕೆ ಹೋಗುತ್ತಾಳೆ. ಅವಳ ಮಜ್ಜಿಗೆಯನ್ನು ನೆರೆಯವರೂ ಇಸಿದುಕೊಳ್ಳುವುದಿಲ್ಲ. ಮನೆ ಮನೆಗೆ ಹೋಗಿ ಹೇಳಿದೆ. ಏನೂ ಇಲ್ಲದೆ ಸರಕಾರ ಸುಮ್ಮನೆ ತೆಗೆಯುತ್ತದೆಯೇ ಎಂದು ನನ್ನನ್ನೇ ಕೇಳುತ್ತಾರೆ. ದೊಡ್ಡವರ ಮಾತು ಹೋಗಲಿ, ಮಾನ್ಯರೇ. ಮೊನ್ನೆ ಸಪ್ನಾಳನ್ನು ಕೂಡಿಸಿಕೊಂಡು ಎರಡೂ ಸಿನಿಮಾ ಮತ್ತೆ ತೋರಿಸಿದೆ. ಕೊನೆಯವರೆಗೂ ನೋಡಿದಳು. ಆಮೇಲೆ ಮೆಲ್ಲಗೆ, “ಆಕಿ ಖರೇನ ಕದ್ದಿರಬೇಕ್ರಿ ಟೀಚರ್. ಸಾಹೇಬ್ರು ಸುಳ್ಳ ಬರೀತಾರೇನ್ರಿ?” ಎಂದಳು.

ನೀನೇ ಕತ್ತರಿಸಿದ್ದಲ್ಲವೇ ಎಂದೆ. ಹೌದು ಎಂದಳು. ಶಟ್ಟೆವ್ವ ಹೊಯ್ದ ಮಜ್ಜಿಗೆ ಕುಡಿದವಳೂ ನೀನೇ ಅಲ್ಲವೇ ಎಂದೆ. ಅದಕ್ಕೂ ಹೌದು ಎಂದಳು. ಆದರೂ ಕಳ್ಳಿಯೇ ಎಂದಳು.

ಆದ್ದರಿಂದ ಆದೇಶ ಹಿಂದಕ್ಕೆ ಪಡೆಯಿರಿ, ಶಟ್ಟೆವ್ವನನ್ನು ಅಡುಗೆಮನೆಗೆ ಕರೆಯಿರಿ. ಅಷ್ಟೇ ಸಾಲದು. ಒಮ್ಮೆ ನಮ್ಮ ಶಾಲೆಗೆ ಬನ್ನಿ, ಮಕ್ಕಳ ಜೊತೆ ಚಾಪೆಯ ಮೇಲೆ ಕುಳಿತು ಪೂರ್ತಿ ಸಿನಿಮಾ ನೋಡಿ, “ನಾನು ತಪ್ಪಿದೆ” ಎಂದು ಸಪ್ನಾಳಿಗೆ ನಿಮ್ಮ ಬಾಯಿಂದಲೇ ಹೇಳಿ. ನಾನು ಹೇಳಿದರೆ ಆಕೆ ನಂಬುವುದಿಲ್ಲ. ತನ್ನ ಕಣ್ಣನ್ನೂ ನಂಬುವುದಿಲ್ಲ. ನಿಮ್ಮನ್ನು ನಂಬುತ್ತಾಳೆ.

ಇಂತಿ,
ಕಲಿಸಿದ್ದನ್ನು ಉಳಿಸಿಕೊಳ್ಳಲಾಗದ
ಭಾಗೀರಥಿ ಟೀಚರ್