ಮೂರು ಬೆರಳು ತಗ್ಗು

೨೦ ನವೆಂಬರ್ ೧೯೫೫, ರವಿವಾರ

ಕಾರು ಒರೆಸಿದೆ. ರೇಡಿಯೇಟರಿಗೆ ನೀರು ಹಾಕಿದೆ. ಸ್ಟಾರ್ಟ್ ಮಾಡಿ ಸ್ವಲ್ಪ ಹೊತ್ತು ಬಿಟ್ಟೆ, ಆಫ್ ಮಾಡಿದೆ. ಹೋಗುವುದಾದರೂ ಎಲ್ಲಿಗೆ? ಪ್ರತಿ ರವಿವಾರವೂ ಇದೇ ಪೂಜೆ. ವಾಡೆಯ ಒಡತಿ ಕಾಶಿಬಾಯಿ ತುಳಸಿಗೆ ನೀರು ಹಾಕುತ್ತ, "ಕಾಯ್ ಹೋ ಮಾಧವರಾವ್, ಈ ಗಾಡಿ ಅಂಗಳ ಬಿಟ್ಟು ಹೋಗುವುದು ಯಾವಾಗ?" ಎಂದು ಮರಾಠಿಯಲ್ಲಿ ಕೇಳಿದರು. ಕೇಳುವುದೂ ಪ್ರತಿ ರವಿವಾರವೇ.

ಮೋರಿಸ್ ಎಯ್ಟ್. ಮೂವತ್ತಾರರ ಮಾಡೆಲ್. ನಮ್ಮ ಮದುವೆಯಾದ ವರ್ಷವೂ ಅದೇ. ಕಾರು, ಹೆಂಡತಿ ವೇಣಿ, ಇಬ್ಬರನ್ನೂ ಜೋಪಾನವಾಗಿ ಇಟ್ಟುಕೊಂಡಿದ್ದೇನೆ ಎಂದು ಮೊದಲೆಲ್ಲ ಜಂಬ ಕೊಚ್ಚುತ್ತಿದ್ದೆ. ಈಗ ಆ ಮಾತಿಗೆ ಬಾಯಿ ಏಳುವುದಿಲ್ಲ.

ವೇಣಿ ಕಿಟಕಿಯಲ್ಲಿ ಕೂತು ಬಿಸಿಲು ನೋಡುತ್ತಿದ್ದಳು. ಕಾರಿನ ಕಡೆ ನೋಡಲಿಲ್ಲ.

೨೨ ನವೆಂಬರ್

ಬರೆದರೆ ಎದೆ ಹಗುರಾದೀತು...

ಹೋದ ವರ್ಷ ಉಪ್ಪಿನಕಾಯಿ ಜಾಡಿ ಇಳಿಸಲು ಸ್ಟೂಲ್ ಹತ್ತಿ ಬಿದ್ದಳು. ಬಲಮೊಣಕಾಲು ಹೋಯಿತು. ಪ್ಲಾಸ್ಟರ್ ಬಿಚ್ಚಿದರೂ ಅದನ್ನು ಮಡಿಸಲು ಬರುವುದಿಲ್ಲ. ಕೋಲು ಹಿಡಿದು ಮನೆಯೊಳಗೆ ಓಡಾಡುತ್ತಾಳೆ, ಅಷ್ಟೇ. ಸ್ಟೂಲಿನ ಮೇಲೆ ಈಗಲೂ ಕಾಲಿಡಲು ಒಲ್ಲಳು. ಕಾರಿನ ಸೀಟು ಅವಳಿಗೆ ಎತ್ತರ. ದಸರೆಯ ದಿನ ನಾನೂ ನನ್ನ ಜೊತೆ ರೈಲ್ವೆ ವರ್ಕ್‌ಶಾಪಿನಲ್ಲಿರುವ ಭೀಮಪ್ಪನೂ ಸೇರಿ ಅವಳನ್ನು ಎತ್ತಿ ಕೂಡಿಸಲು ಹೋದೆವು. ಓಣಿಯಲ್ಲಿ, ಎಲ್ಲರೆದುರು. ನಿರಿಗೆ ಬಾಗಿಲ ಹಿಡಿಕೆಗೆ ಸಿಕ್ಕಿತು. ಯಾರೋ ಕಿಸಕ್ಕೆಂದರು.

"ಇಳಸ್ರಿ ನನ್ನ. ನಾ ಏನು ಪಾರ್ಸಲ್ ಅಲ್ಲ," ಎಂದಳು.

ಅವತ್ತು ಒಳಗೆ ಹೋದವಳು ವಾಡೆಯ ಹೊಸ್ತಿಲು ದಾಟಿಲ್ಲ.

೨೭ ನವೆಂಬರ್, ಮಧ್ಯಾಹ್ನ

ಊಟ ಮಾಡಿ ಅಡ್ಡಾಗಿದ್ದೆ. ಜೊಂಪು ಹತ್ತಿತು. ಕನಸು— ಅಂಗಳದ ತುಂಬ ನೀರು. ಕಾರು ತೆಪ್ಪದಂತೆ ತೇಲುತ್ತ ಮೆಲ್ಲಗೆ ತಗ್ಗುತ್ತಿದೆ. ಗಾಬರಿಯೇ ಇಲ್ಲ. ವೇಣಿ ಬಾಗಿಲಿಂದ ಕಾಲು ಇಳಿಬಿಟ್ಟು ಕೂತಿದ್ದಾಳೆ, ಎರಡೂ ಪಾದ ನೀರಲ್ಲಿ. "ಇನ್ನ ಸ್ವಲ್ಪ ಇಳಸ್ರಿ," ಎನ್ನುತ್ತಿದ್ದಾಳೆ. ಎಚ್ಚರವಾದಾಗ ಬಾಯಲ್ಲಿ ಕಿತ್ತಳೆ ಹಣ್ಣಿನ ಹುಳಿ.

ಕೃಷ್ಣೆಯ ದಂಡೆಯ ಊರಿನವಳು. ಅದಕ್ಕೇ ಈ ಹೆಸರು. ಸಂಕ್ರಾಂತಿಗೆ ಹರಿಯುವ ನೀರಲ್ಲಿ ಕಾಲಿಡದಿದ್ದರೆ ಅವಳಿಗೆ ವರ್ಷ ಹೊರಳಿದಂತಾಗುವುದಿಲ್ಲ. ನಾಗಪುರಕ್ಕೆ ಬಂದ ಮೇಲೆ ಪ್ರತಿ ವರ್ಷ ಕನ್ಹಾನ್ ನದಿಗೆ ಹೋಗುತ್ತಿದ್ದೆವು. ಈ ವರ್ಷ ಜನವರಿಯಲ್ಲಿ ಬಕೆಟ್ಟಿನ ನೀರು ತಂದು ಮುಂದಿಟ್ಟೆ. ಬೆರಳದ್ದಿ ಮುಖ ತಿರುಗಿಸಿದಳು. ಆ ಮುಖ ಇನ್ನೊಮ್ಮೆ ನೋಡುವ ಶಕ್ತಿ ನನಗಿಲ್ಲ.

೩೦ ನವೆಂಬರ್

ಹೊಳೆಯಿತು! ಶೆಡ್ಡಿಗೆ ಅಡಿಯ ಸ್ಪ್ರಿಂಗಿನ ಕಮಾನು ಪಟ್ಟಿ ಮುರಿದ, ತಗ್ಗು ತಳದ ವ್ಯಾಗನ್ ಒಂದು ಬಂದಿತ್ತು. ಒಂದು ಮಗ್ಗುಲು ತಗ್ಗಿ ನಿಂತಿತ್ತು. ನಾನು ಇನ್‌ಸ್ಪೆಕ್ಷನ್ ಬರೆಯುತ್ತ ಗೊತ್ತಿಲ್ಲದೇ ಅದರ ಅಂಚಿನ ಮೇಲೆ ಕೂತುಬಿಟ್ಟೆ. ಹತ್ತಲಿಲ್ಲ, ಬರೀ ಕೂತೆ.

ವೇಣಿಯನ್ನು ಎತ್ತುವುದೇಕೆ? ಕಾರನ್ನೇ ಇಳಿಸಿದರೆ?

೧ ಡಿಸೆಂಬರ್

ಭೀಮಪ್ಪ ಹೊಟ್ಟೆ ಹಿಡಿದು ನಕ್ಕ. "ಕಾರ್ ಏನ್ ಎಮ್ಮಿ ಏನಲೇ ಮಾಧ್ಯಾ, ಕೂಡ್ರು ಅಂದ್ರ ಕೂಡ್ರಾಕ?" ಆಮೇಲೆ ತಲೆ ಕೆರೆದುಕೊಂಡ. "ಆಗ್ತೈತಿ ಬಿಡು. ಒಂದೊಂದ್ ಪಟ್ಟಿ ತಗದು, ಉಳದದ್ದರ ಬಾಗು ಇಳಸೋಣು. ಕಾಸೋದು ಬ್ಯಾಡ, ಮೆತ್ತಗಾಗ್ತಾವು. ತಣ್ಣಗs ಬಡಿಯೋಣು."

ಮನೆಗೆ ಬಂದು ಮಂಚ ಅಳೆದೆ. ಮಂಚದ ಮೇಲೆ ಅವಳು ಯಾರ ಹಂಗೂ ಇಲ್ಲದೆ ಕೂಡುತ್ತಾಳೆ. ಕಾರಿನ ಸೀಟು ಅದಕ್ಕಿಂತ ಮೂರು ಬೆರಳು ಎತ್ತರ. ಮೂರೇ ಬೆರಳು!

"ಮಂಚ ಮಾರ್ತೀರೇನು?" ಎಂದು ಕೇಳಿದಳು.

"ತಿಗಣಿ ಔಷಧಾ ಹಾಕಬೇಕು."

"ತಿಗಣಿ ಎಷ್ಟ್ ಉದ್ದ ಅದಾವಂತ?"

ಸುಳ್ಳು ಹೇಳಲು ಈ ಜನ್ಮದಲ್ಲಿ ಕಲಿಯಲಿಲ್ಲ ನಾನು.

೧೧ ಡಿಸೆಂಬರ್, ರವಿವಾರ

ಇಡೀ ದಿನ ಕಾರಿನ ಕೆಳಗೆ. ಬೆನ್ನಿಗೆ ಗೋಣಿಚೀಲ. ಚಕ್ರಗಳ ಸಂದಿಯಿಂದ ಚಳಿಗಾಲದ ಬಿಸಿಲು ಅರಿಶಿನದ ನೀರಿನಂತೆ ಹರಿದು ಬರುತ್ತಿತ್ತು. ಬೋಲ್ಟುಗಳು ತುಕ್ಕು ಹಿಡಿದು ಕಲ್ಲಾಗಿವೆ. ಸೀಮೆಎಣ್ಣೆ ಹನಿಸಿ, ಕಾದು, ತಿರುಗಿಸಿ, ಮತ್ತೆ ಕಾದು... ಕಾಯುವಾಗ ಕಣ್ಣು ಮುಚ್ಚಿದರೆ ನದಿ. ಮರಳು. ಅವಳ ಬೆಳ್ಳಿ ಕಾಲುಂಗುರದ ಮೇಲೆ ಹಾಯುವ ನೀರು. ಕೆಳಗೇ ನಿದ್ದೆ ಮಾಡಿದೆನೇನೋ. ತಲೆಯ ಹತ್ತಿರ ಕೋಲಿನ ಸದ್ದಾಯಿತು. ಅವಳ ಪಾದಗಳು. ಪಕ್ಕದಲ್ಲಿ ಚಹಾದ ಲೋಟ ಇಟ್ಟಿದ್ದಳು— ಆ ಮೊಣಕಾಲಿನಲ್ಲಿ ಹೇಗೆ ಬಗ್ಗಿದಳೋ!

"ಯಾಕ ಬಿಚ್ಚೀರಿ ಅಂತ ಗೊತ್ತದ ನನಗ," ಎಂದಳು. "ನಾ ಏನೂ ಒಪ್ಪಿಲ್ಲ ಮತ್ತ."

ಒಪ್ಪಿಲ್ಲವಂತೆ. ಚಹಾದಲ್ಲಿ ಏಲಕ್ಕಿ ಇತ್ತು.

೧ ಜನವರಿ ೧೯೫೬

ಭೀಮಪ್ಪ ಮೂರು ರವಿವಾರ ಸುತ್ತಿಗೆ ಹಿಡಿದ. ಅವನ ಋಣ ತೀರಿಸಲಾರೆ. ಇವತ್ತು ಪಟ್ಟಿಗಳನ್ನು ಕೂಡಿಸಿದೆವು. ಜ್ಯಾಕ್ ಇಳಿಸಿದಾಗ ಕಾರು ಉಸಿರು ಬಿಟ್ಟು ಕೂತ ಹಾಗಾಯಿತು. ಅಳೆದೆ. ಮಂಚದ ಎತ್ತರಕ್ಕೆ ಬರೋಬರ್.

ವೇಣಿ ತಾನಾಗಿ ಬಂದಳು. ಸೀಟಿಗೆ ಬೆನ್ನು ಮಾಡಿದಳು. ಕೂತಳು. ನೆಟ್ಟಗಿನ ಕಾಲನ್ನು ಎರಡೂ ಕೈಯಿಂದ ಒಳಗೆಳೆದುಕೊಂಡಳು. ಬಾಗಿಲು ತಾನೇ ಹಾಕಿಕೊಂಡಳು— ಟಪ್. ಗಾಜಿನ ಹಿಂದೆ ಅವಳ ಮುಖ, ಅದರ ಮೇಲೆ ಅಂಗಳದ ಬೇವಿನ ನೆರಳು. ಸ್ಟೇರಿಂಗಿನ ಕಡೆ ಬಾಗಿ ಹಾರ್ನ್ ಒತ್ತಿದಳು. ಎಮ್ಮೆಕರುವಿನ ದನಿ! ನಕ್ಕಳು.

ಹದಿನಾಲ್ಕಕ್ಕೆ ಸಂಕ್ರಾಂತಿ. ಕನ್ಹಾನಿಗೆ ಹೋಗುವುದೇ.

೮ ಜನವರಿ, ರವಿವಾರ

ಕತ್ತೆ. ನಾನೊಬ್ಬ ಕತ್ತೆ.

ಟ್ರಯಲ್ ಎಂದು ಹೊರಟೆವು. ಅವಳು ಅಂಗಳದಲ್ಲೇ, ಯಾರ ಕಣ್ಣಿಗೂ ಬೀಳದೆ ಕೂತಳು. ನಾನು ಸ್ಟೇರಿಂಗಿಗೆ ಕೂತೆ. ವಾಡೆಯ ಹೆಬ್ಬಾಗಿಲ ಕಲ್ಲಿನ ಹೊಸ್ತಿಲು ದಾಟಲು ಎರಡು ಹಲಗೆ ಹಾಸಿಯೇ ಇವೆ. ಮುಂದಿನ ಗಾಲಿ ಹಲಗೆ ಇಳಿದವು. ಢಣ್! ಕಾರಿನ ಹೊಟ್ಟೆ ಕಲ್ಲಿನ ಮೇಲೆ ಕೂತುಬಿಟ್ಟಿತು. ಅರ್ಧ ಓಣಿಯಲ್ಲಿ, ಅರ್ಧ ಅಂಗಳದಲ್ಲಿ. ನಮ್ಮ ಮಹಾಲ್ ಪೇಟೆಯ ಓಣಿಯ ಜನ ಕೇಳಬೇಕೆ? ಗಾಜಿಗೆ ಮೂಗು ಒತ್ತಿ ನೋಡಿದರು. ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಎಲ್ಲರೂ ಸೇರಿ ಹಿಂದಕ್ಕೆ ದಬ್ಬಿದರು.

ಇಪ್ಪತ್ತು ವರ್ಷದ ಚಾಳಿ. ವರ್ಕ್‌ಶಾಪಿನಲ್ಲಿ ದುರಸ್ತಿಯಾದ ರೈಲು ಡಬ್ಬಿಯ ಎತ್ತರವನ್ನು ಖಾಲಿ ಇದ್ದಾಗಲೇ ಅಳೆಯುತ್ತೇವೆ. ಅಲ್ಲಿ ಒಳಗೆ ಯಾರು ಕೂತಿರುತ್ತಾರೆ? ಕಾರನ್ನೂ ಹಾಗೇ ಅಳೆದೆ. ಇಬ್ಬರು ಕೂತರೆ ಪಟ್ಟಿ ಕಡಿಮೆಯಾದ ಸ್ಪ್ರಿಂಗ್ ಇನ್ನೂ ತಗ್ಗುತ್ತದೆ ಎಂಬುದು ರೈಲ್ವೆಯವನ ತಲೆಗೆ ಹೋಗಲೇ ಇಲ್ಲ.

ರಾತ್ರಿ ಊಟಕ್ಕೆ ಬಡಿಸಿ, ಗೋಡೆಯ ಕಡೆ ತಿರುಗಿ ಮಲಗಿದಳು.

೧೩ ಜನವರಿ, ಭೋಗಿ

ನಾಲ್ಕು ದಿನ ಬರೆಯಲಿಲ್ಲ. ಬರೆಯುವುದೇನಿತ್ತು?

ಇವತ್ತು ಸಜ್ಜೆ ರೊಟ್ಟಿ ಬಡಿಯುತ್ತ ತಾನೇ ಬಾಯಿ ಬಿಟ್ಟಳು. "ಅಳತಿ ಎಲ್ಲೆ ತಪ್ಪೇದ ಗೊತ್ತಾತೇನ್ರಿ?"

"ಖಾಲಿ ಅಳದೆ."

"ಮಂಚ ಅಳದ್ರಿ, ಸೀಟ್ ಅಳದ್ರಿ. ನಿಮ್ಮ ಹೊಟ್ಟಿ ಒಂದ ಅಳೀಲಿಲ್ಲ."

ಎಷ್ಟು ದಿನದ ಮೇಲೆ ಈ ಚೇಷ್ಟೆ! ನಗಲೋ ಅಳಲೋ ತಿಳಿಯಲಿಲ್ಲ. ಹೇಳಿದೆ— ಪಟ್ಟಿ ವಾಪಸ್ ಹಾಕಿದರೆ ಸೀಟು ಮತ್ತೆ ಎತ್ತರವಾಗುತ್ತದೆ. ದಪ್ಪ ಹಲಗೆ ಮಾಡಿಸಬಹುದು, ಆದರೆ ನಾಳೆಗೆ ಆಗುವುದಿಲ್ಲ. ಮುಂದಿನ ವರ್ಷ ಖಂಡಿತ—

"ಖಾಲಿ ಕಾರು ಹೊಸ್ತಿಲಾ ದಾಟ್ತದೇನು?"

"ದಾಟ್ತದ. ಆಮ್ಯಾಲೆ ರಸ್ತೆದಾಗ ಸಾವಕಾಶ ಹೋದ್ರ ಏನೂ ಆಗೂದಿಲ್ಲ. ಆದ್ರ ನೀ ಓಣಿಯೊಳಗ..."

ರೊಟ್ಟಿ ತಿರುವಿ ಹಾಕಿದಳು. ಮುಂದೆ ಕೇಳಲು ನನಗೆ ಹೆದರಿಕೆ.

೧೪ ಜನವರಿ, ಸಂಕ್ರಾಂತಿ, ಬೆಳಿಗ್ಗೆ

ಎದ್ದರೆ ಅವಳ ಸ್ನಾನವಾಗಿದೆ. ಕರಿ ಚಂದ್ರಕಾಳಿ ಸೀರೆ. ಹೂ. "ಭೀಮಪ್ಪನ್ನ ಕರೀರಿ. ಕಾರು ಹೊರಗ ದಬ್ರಿ," ಎಂದಳು. ದಬ್ಬಿದೆವು. ಖಾಲಿ ಕಾರು ಹೊಸ್ತಿಲು ದಾಟಿ ಓಣಿಯಲ್ಲಿ ನಿಂತಿದೆ. ಮಂಜು ಇನ್ನೂ ಪೂರ್ತಿ ಕರಗಿಲ್ಲ. ಭೀಮಪ್ಪನನ್ನು ಡ್ಯೂಟಿಗೆ ಹೋಗು ಎಂದು ಅವಳೇ ಕಳಿಸಿದಳು.

ಕೈ ಹಿಡಿಯಲು ಹೋದೆ. ಬೇಡವೆಂದಳು.

"ನೀವು ಮನಿಯೊಳಗ ಕೂಡ್ರಿ. ನಾ ಒಬ್ಬಾಕಿನ ಹೋಗ್ತೀನಿ. ಹಿಂದ ಬರಬ್ಯಾಡ್ರಿ, ಕಿಟಕಿಯೊಳಗ ಇಣುಕಬ್ಯಾಡ್ರಿ. ಕಾಲು ಒರಸ್ಲಿಕ್ಕೆ ಟವೆಲ್ ತಗೊಂಡ್ ಆಮ್ಯಾಲೆ ಬರ್ರಿ."

"ಆಮ್ಯಾಲೆ ಅಂದ್ರ ಯಾವಾಗ?"

"ತಿಳೀತದ."

ಟವೆಲ್ ಮಡಿಲಲ್ಲಿದೆ. ಕೈ ಸುಮ್ಮನಿರಲೆಂದು ಇದನ್ನು ಬರೆಯುತ್ತಿದ್ದೇನೆ. ಕೋಲಿನ ಸದ್ದು... ಅಂಗಳದ ನಡುವೆ ಇದ್ದಾಳೆ. ತುಳಸಿ ದಾಟಿದಳು. ನಿಂತಳು. ಹೊಸ್ತಿಲ ಹತ್ತಿರ. ಎಷ್ಟು ಹೊತ್ತು ನಿಲ್ಲುತ್ತಾಳೆ! ಓಡಿಹೋಗಲೇ? ಬೇಡ ಎಂದಿದ್ದಾಳೆ. ದೇವರೇ, ಬೀಳದಿರಲಿ.

ಮತ್ತೆ ಸದ್ದು. ಈಗ ಕಲ್ಲಿನ ಮೇಲೆ. ದಾಟಿದಳು! ಓಣಿಯಲ್ಲಿ ಜನ ಮಾತಾಡುತ್ತಿದ್ದದ್ದು ನಿಂತಿತು. ಎಳ್ಳುಬೆಲ್ಲ ಕೊಡುತ್ತಿರುವ ಕಾಶಿಬಾಯಿಯ ದನಿ— "ತಿಳಗೂಳ ಘ್ಯಾ, ವೇಣಿಬಾಯಿ." ವೇಣಿ ಏನೋ ಅಂದಳು, ಕೇಳಿಸಲಿಲ್ಲ. ಯಾರೂ ನಗಲಿಲ್ಲ.

ಕಾರಿನ ಬಾಗಿಲು ತೆರೆದ ಸದ್ದು. ಅಕ್ಷರ ಸೊಟ್ಟಗಾಗುತ್ತಿವೆ. ಈಗ ಬೆನ್ನು ಮಾಡಿರಬೇಕು. ಕೂತಿರಬೇಕು. ಕಾಲು ಎಳೆದುಕೊಳ್ಳುತ್ತಿರಬೇಕು... ಇನ್ನೂ ಸದ್ದಿಲ್ಲ. ಇನ್ನೂ ಇಲ್ಲ.

ಟಪ್.

ಹಾರ್ನ್! ಎಮ್ಮೆಕರು ಕೂಗುತ್ತಿದೆ, ಇಡೀ ಮಹಾಲಿಗೆ ಕೇಳುವ ಹಾಗೆ. ಮತ್ತೆ. ಮತ್ತೆ. ಬಂದೆ ಮಾರಾಯ್ತಿ, ಬಂ