ಎಡಗಾಲಿಗೆ ಕೆಲಸವಿಲ್ಲದ ಗಾಡಿ

ಮನೆ, ಹಿಂಬದಿಯ ಕೋಣೆ
ಹದಿನಾಲ್ಕನೇ ತಾರೀಖು, ಬುಧವಾರ, ಎರಡನೇ ಚಹಾ ಆದ ಮೇಲೆ

ನನ್ನ ಗುಬ್ಬಿಗೆ,

ಮೊದಲು ಮಂಡಿಯ ಸಮಾಚಾರ ಹೇಳು. ಊತ ಇಳಿಯಿತೇ? ಮೆಟ್ಟಿಲು ಹತ್ತುವಾಗ ಒಳಗೆ ಕಟಕ್ ಎನ್ನುವುದು ನಿಂತಿತೇ? ಮಲಗುವಾಗ ಕಾಲಿನ ಕೆಳಗೆ ದಿಂಬು ಇಟ್ಟುಕೊಳ್ಳುತ್ತೀಯೋ, ಅಥವಾ ಅದನ್ನೂ ಯಾವುದಾದರೂ ಕರುವಿಗೆ ಕೊಟ್ಟಿದ್ದೀಯೋ? "ಏನಿಲ್ಲಪ್ಪ, ಚೂರು ಉಳುಕಿದೆ" ಎಂದು ನೀನು ಬರೆದಾಗಲೇ ಅದು ಚೂರಲ್ಲ ಎಂದು ನನಗೆ ಗೊತ್ತಾಯಿತು. ನಿಮ್ಮಮ್ಮನೂ ಹಾಗೇ ಇದ್ದಳು. ಅವಳ ಬಾಯಲ್ಲಿ "ಏನಿಲ್ಲ" ಬಂತೆಂದರೆ ನಾನು ಚಪ್ಪಲಿ ಮೆಟ್ಟಿಕೊಂಡು ಡಾಕ್ಟರ ಮನೆಗೆ ಹೊರಡುತ್ತಿದ್ದೆ. ಹಸು ಒದ್ದು, ಕೊಟ್ಟಿಗೆಯ ಗೋಡೆಗೆ ಒತ್ತಿ, ಮಂಡಿಯ ಒಳಪಟ್ಟಿ ಹರಿದು, ಅದಕ್ಕೆ ಹೊಲಿಗೆ ಹಾಕಿಸಿಕೊಂಡವಳು ಅದನ್ನು ಉಳುಕು ಎನ್ನುತ್ತಾಳೆ! ದನದ ಡಾಕ್ಟರಿಗೆ ದನದ ಮೇಲೆ ಇರುವ ಕನಿಕರ ಸ್ವಂತ ಕಾಲಿನ ಮೇಲೆ ಇಲ್ಲ. ನಾನು ಚೆನ್ನಾಗಿದ್ದೇನೆ. ಬಿ.ಪಿ. ಮಾತ್ರೆ ಒಂದು ದಿನವೂ ತಪ್ಪಿಸಿಲ್ಲ. ಕನ್ನಡಕದ ಒಂದು ಕಡ್ಡಿ ಮುರಿದಿದೆ, ದಾರ ಕಟ್ಟಿಕೊಂಡಿದ್ದೇನೆ, ನಡೆಯುತ್ತದೆ. ಅಡುಗೆ ನಾನೇ ಮಾಡಿಕೊಳ್ಳುತ್ತೇನೆ. ತಿನ್ನುವವನೂ ನಾನೇ ಆದ್ದರಿಂದ ಯಾರೂ ದೂರು ಕೊಟ್ಟಿಲ್ಲ.

ಇನ್ನು ವಿತ್ ರೆಫರೆನ್ಸ್ ಟು ಯುವರ್ ಲೆಟರ್. ಉತ್ತರ ಬರೆಯುವಾಗ ಹೀಗೆಯೇ ಶುರು ಮಾಡಬೇಕು ಎಂದು ಕಾಲೇಜಿನಲ್ಲಿ ನಮ್ಮ ಇಂಗ್ಲಿಷ್ ಮೇಷ್ಟ್ರು ಹೇಳಿಕೊಟ್ಟಿದ್ದರು. ಮುಂದಿನ ವಾಕ್ಯ ಏನೆಂದು ಹೇಳಿಕೊಟ್ಟಿದ್ದರೋ ಅದು ಮರೆತಿದೆ. ನಿನ್ನ ಇಲಾಖೆಯವರು ಗುಡ್ಡದ ಕೆಲಸಕ್ಕೆಂದು ನಿನಗೆ ಹೊಸ ಫೋರ್‌ವೀಲ್ ಗಾಡಿ ಕೊಡುತ್ತಾರೆ. ಗೇರಿನದೋ ಆಟೋಮ್ಯಾಟಿಕ್ಕೋ ಎಂದು ನೀನೇ ಫಾರಂನಲ್ಲಿ ಬರೆದು ಇಪ್ಪತ್ತನೇ ತಾರೀಖಿನೊಳಗೆ ಕಳಿಸಬೇಕು. ಅಲ್ಲಿಯ ಹಳೇ ಡ್ರೈವರುಗಳೆಲ್ಲ ಆಟೋಮ್ಯಾಟಿಕ್ ಗುಡ್ಡಕ್ಕಲ್ಲ, ಊರೊಳಗಿನ ಷೋಕಿಗೆ ಎನ್ನುತ್ತಾರಂತೆ. ನಿನ್ನ ಮೂಳೆ ಡಾಕ್ಟರು ಎಡಗಾಲಲ್ಲಿ ಒಂದು ವರ್ಷ ಕ್ಲಚ್ ಒತ್ತಕೂಡದು ಎಂದಿದ್ದಾರಂತೆ. ಗೇರಿನ ಗಾಡಿಯೇ ಆದರೆ ಅದನ್ನು ಬೇರೆಯವರಿಗೆ ಕೊಟ್ಟು, ನಿನ್ನನ್ನು ನಮ್ಮೂರಿನ ಕಚೇರಿಯಲ್ಲಿ ಖಾಲಿ ಇರುವ ಕುರ್ಚಿಗೆ ಹಾಕುತ್ತಾರಂತೆ. "ನನ್ನ ಕಾಲಿಗೋಸ್ಕರ ಗುಡ್ಡಕ್ಕೆ ಆಗದ ಗಾಡಿ ತರಿಸಬಾರದು, ಅಪ್ಪ. ನೀನು ಮೂವತ್ತು ವರ್ಷ ರಸ್ತೆ ಇಲ್ಲದ ಕಡೆ ಓಡಿಸಿದವನು. ನೀನು ಏನು ಹೇಳ್ತೀಯೋ ಅದನ್ನೇ ಬರೀತೀನಿ" ಎಂದಿದ್ದೀಯೆ. ಅಲ್ಲಿ ಫೋನು ಸಿಗಬೇಕಾದರೆ ದಿಬ್ಬ ಹತ್ತಬೇಕು, ಈ ಮಂಡಿ ಇಟ್ಟುಕೊಂಡು ನೀನು ದಿಬ್ಬ ಹತ್ತುವುದು ಬೇಡ. ಆದ್ದರಿಂದ ಕಾಗದದಲ್ಲೇ ಹೇಳುತ್ತೇನೆ.

ಗೇರಿನ ಗಾಡಿಯ ಗುಣಗಾನಕ್ಕೆ ಕೂತರೆ ನನಗೆ ಒಂದು ದಸ್ತು ಕಾಗದ ಸಾಲದು. ಕರೆಂಟಿನ ಲೈನು ಎಳೆಯುವ ಮುಂಚೆ ಜಾಗ ಅಳೆಯುವುದು ನನ್ನ ಕೆಲಸವಾಗಿತ್ತು. ತಂತಿ ಹೊರುವ ಗೋಪುರ ನಿಲ್ಲುವ ಜಾಗಕ್ಕೆ ರಸ್ತೆ ಬರುವುದು ಗೋಪುರ ನಿಂತ ಮೇಲೆ. ಹಾಗಾಗಿ ಕಲ್ಲು, ಮರಳು, ಕೊರಕಲು, ಕೆಸರು ಯಾವುದನ್ನೂ ನನ್ನ ಜೀಪು ಬಿಟ್ಟಿಲ್ಲ. ಇಳಿಜಾರಲ್ಲಿ ಒಂದನೇ ಗೇರಿಗೆ ಹಾಕಿ ಕಾಲು ಎತ್ತಿಬಿಟ್ಟರೆ, ಮೂಗುದಾರ ಹಿಡಿದ ಎತ್ತಿನ ಹಾಗೆ ಇಂಜಿನ್ನೇ ಗಾಡಿಯನ್ನು ತಡೆದು ಇಳಿಸುತ್ತದೆ. ಬ್ಯಾಟರಿ ಸತ್ತರೆ ನಾಲ್ಕು ಜನ ತಳ್ಳಿ ಕ್ಲಚ್ ಬಿಟ್ಟರೆ ಸಾಕು. ಆಟೋಮ್ಯಾಟಿಕ್ಕಿಗೆ ತಳ್ಳುವ ಮಾತೇ ಇಲ್ಲ, ಸತ್ತರೆ ಸತ್ತಿತು. ಅಲ್ಲದೆ ಯಾವಾಗ ಯಾವ ಗೇರು ಎಂಬುದನ್ನು ಅದೇ ತೀರ್ಮಾನ ಮಾಡುತ್ತದೆ. ಗಂಡ ಹೆಂಡಿರ ಜಗಳದ ಮಧ್ಯೆ ಮೂರನೆಯವರು ಬಾಯಿ ಹಾಕಿದ ಹಾಗೆ. ನನ್ನ ಜೀಪಿನಲ್ಲಂತೂ ಮೂರನೆಯವರಿಗೆ ಜಾಗವೇ ಇರಲಿಲ್ಲ.

ನಿಮ್ಮಮ್ಮನೂ ನಾನೂ ಸೇರಿ ಗೇರು ಹಾಕುವುದು ಹೇಗೆ ಶುರುವಾಯಿತು ಎಂದು ನಿನಗೆ ಸರಿಯಾಗಿ ಹೇಳಿದ್ದೇನೋ ಇಲ್ಲವೋ. ಆಗ ನಿನಗೆ ಮೂರು ವರ್ಷ. ನಾನು ಗೋಪುರದ ಪಾಯದ ಗುಂಡಿಗೆ ಜಾರಿ ಎಡಗೈ ಮಣಿಕಟ್ಟು ಮುರಿದುಕೊಂಡೆ. ಮೊಣಕೈಯವರೆಗೆ ಪ್ಲಾಸ್ಟರ್. ಬೇಸಿಗೆ ಕಳೆದರೆ ನಾನು ಅಳೆಯುತ್ತಿದ್ದ ಕಣಿವೆಗೆ ಇಳಿಯುವ ಹಾಗಿಲ್ಲ, ಅರ್ಧ ಅಳತೆ ಬಾಕಿ. ಜೀಪನ್ನು ಬೇರೆಯವರಿಗೆ ಕೊಡುತ್ತೇನೆ ಎಂದು ಮುಖ ಸಣ್ಣಗೆ ಮಾಡಿಕೊಂಡು ಕೂತಿದ್ದೆ. ನಿಮ್ಮಮ್ಮ ಒಲೆ ಆರಿಸಿ ಬಂದವಳು, "ಕಾಲು ನೆಟ್ಟಗಿದೆಯಲ್ಲ ನಿಮಗೆ? ಕೈ ನಾನು ಕೊಡ್ತೀನಿ, ನಡೀರಿ" ಎಂದಳು. ಸೈಕಲ್ಲಿನ ಪೆಡಲು ಕೂಡ ತುಳಿಯದವಳು! ಮರುದಿನದಿಂದ ನಾನು ಬಲಗೈಯಲ್ಲಿ ಸ್ಟೀರಿಂಗ್ ಹಿಡಿದು, ಕ್ಲಚ್ ಒತ್ತಿ, "ಎರಡು" ಎನ್ನುವುದು. ಅವಳು ಪಕ್ಕದ ಸೀಟಿನಿಂದ ಎರಡಕ್ಕೆ ಎಳೆಯುವುದು. ಮೊದಲೆರಡು ದಿನ ಗೇರ್‌ಬಾಕ್ಸು ಹಲ್ಲು ಕಡಿದ ಸದ್ದು ಇಡೀ ಕಣಿವೆಗೆ ಕೇಳಿಸುತ್ತಿತ್ತು. "ನಿಮ್ಮ ಕಾಲು ಸೋಮಾರಿ" ಎಂದು ಅವಳು, "ನಿನ್ನ ಕೈ ಅವಸರ" ಎಂದು ನಾನು. ಎರಡನೇ ವಾರಕ್ಕೆ ನಾನು ಎಣಿಕೆ ಹೇಳುವುದು ನಿಂತಿತು. ಇಂಜಿನ್ನಿನ ದನಿ ಬದಲಾದದ್ದು ನನಗಿಂತ ಮೊದಲು ಅವಳಿಗೆ ತಿಳಿಯುತ್ತಿತ್ತು. "ಒತ್ರೀ, ಅದು ಅಳ್ತಾ ಇದೆ" ಎನ್ನುತ್ತಿದ್ದಳು. ನೀನು ಹಿಂದೆ ಅಳತೆ ಸಾಮಾನಿನ ಚೀಲದ ಮೇಲೆ ನಿದ್ದೆ.

ಆರು ವಾರಕ್ಕೆ ಪ್ಲಾಸ್ಟರ್ ಬಿಚ್ಚಿದರು, ನನ್ನ ಕೈ ವಾಪಸು ಬಂತು. ಅವಳ ಕೈ ಮಾತ್ರ ಅಲ್ಲಿಂದ ಹೋಗಲಿಲ್ಲ. ಆಮೇಲೆ ಇಪ್ಪತ್ತಮೂರು ವರ್ಷ ಆ ಜೀಪಿನಲ್ಲಿ ಗೇರು ಹಾಕಿದ್ದು ನಾವಿಬ್ಬರೂ, ನನ್ನ ಕೈ ಕೆಳಗೆ, ಅವಳದು ಮೇಲೆ. ಶಾಲೆಯಲ್ಲಿ ಅಪ್ಪ ಅಮ್ಮನ ಚಿತ್ರ ಬರೆಯಿರಿ ಎಂದರೆ ನೀನು ಒಂದು ಕೋಲು, ಅದರ ತುದಿಗೆ ಗುಂಡು, ಗುಂಡಿನ ಮೇಲೆ ಎರಡು ಕೈ ಬರೆದಿಟ್ಟು ಬಂದಿದ್ದೆ. ಮನೆಯಲ್ಲಿ ಹೊಡೆದಾಟವೋ ಏನೋ ಎಂದು ಟೀಚರು ನಮ್ಮನ್ನು ಕರೆಸಿದ್ದರು. ನಿಮ್ಮಮ್ಮ ನಗು ತಡೆಯಲಾರದೆ ವರಾಂಡಕ್ಕೆ ಹೋಗಿಬಿಟ್ಟಳು, ವಿವರಣೆ ಕೊಡುವ ಕರ್ಮ ನನಗೆ ಬಂತು. ಅವಳು ಹೋದ ಮೇಲೆ ಜೀಪನ್ನು ಯಾಕೆ ಕೊಟ್ಟೆ ಎಂದು ನೀನು ಎರಡು ಸಲ ಕೇಳಿದೆ, ನಾನು ಪಾರ್ಟ್ಸ್ ಸಿಗುವುದಿಲ್ಲ ಎಂದೆ. ಪಾರ್ಟ್ಸ್ ಸಿಗುತ್ತವೆ. ಎರಡರಿಂದ ಮೂರಕ್ಕೆ ಹಾಕುವಾಗ ಕೈಯ ಮೇಲ್ಭಾಗ ತಣ್ಣಗಾಗುತ್ತಿತ್ತು, ಅಷ್ಟೇ.

ಹೌಎವರ್, ಒಂದು ಕಡೆಯ ವಾದ ಕೇಳಿ ತೀರ್ಪು ಹೇಳಬಾರದು. ನಮ್ಮ ಬೀದಿಯ ಗ್ಯಾರೇಜಿನವನು, ಅದೇ, ನಾವು ಗ್ರೀಸು ಎಂದು ಕರೆಯುವವನು, ಎಷ್ಟು ಮುಖ ತೊಳೆದರೂ ಕೆನ್ನೆಯ ಮೇಲೊಂದು ಕಪ್ಪು ಗೆರೆ ಉಳಿಸಿಕೊಳ್ಳುವವನು, ಅವನ ಹತ್ತಿರ ಒಂದು ಆಟೋಮ್ಯಾಟಿಕ್ ಫೋರ್‌ವೀಲ್ ಬ್ರೇಕ್ ರಿಪೇರಿಗೆ ಬಂದಿತ್ತು. ನಾನು ಅಂಗಡಿಯ ಸ್ಟೂಲಿನ ಮೇಲೆ ಕೂತು ಅದನ್ನು ಬೈಯುವುದನ್ನು ಎರಡು ದಿನ ಕೇಳಿ ಅವನಿಗೆ ರೋಸಿಹೋಯಿತು. "ಸಾರ್, ಓಡಿಸಿ ಬೈಯಿರಿ. ಸುಮ್‌ಸುಮ್ನೆ ಬೈದ್ರೆ ಗಾಡಿ ಶಾಪ ತಟ್ಟುತ್ತೆ" ಎಂದ. ಮಾಲೀಕನನ್ನು ಕೇಳಿಕೊಂಡು, ನಿನ್ನೆ ಮಧ್ಯಾಹ್ನ ಊರ ಹಿಂದಿನ ಮುಚ್ಚಿದ ಕಲ್ಲು ಕ್ವಾರಿಗೆ ಹೋದೆವು. ಕ್ವಾರಿಯ ಬಾಯಲ್ಲಿ ಸೀಟು ಬದಲಾಯಿಸಿದೆವು. ಇಪ್ಪತ್ತು ಮಾರು ಹೋಗಿರಬಹುದು, ಅಭ್ಯಾಸ ಬಲ ನೋಡು, ನನ್ನ ಎಡಗಾಲು ಇಲ್ಲದ ಕ್ಲಚ್ಚನ್ನು ಹುಡುಕಿಕೊಂಡು ಹೋಗಿ ಬ್ರೇಕನ್ನು ಬಲವಾಗಿ ತುಳಿದುಬಿಟ್ಟಿತು. ಗಾಡಿ ಗೋಡೆಗೆ ಗುದ್ದಿದ ಹಾಗೆ ನಿಂತಿತು. ಗ್ರೀಸಿನ ಕೈಯಲ್ಲಿದ್ದ ಚಹಾ ಅವನ ಮಡಿಲಿಗೆ. ಪುಣ್ಯಾತ್ಮ ಮಡಿಲು ಒರೆಸಿಕೊಳ್ಳುತ್ತಾ, "ಹೋಗಲಿ ಬಿಡಿ ಸಾರ್, ಬ್ರೇಕ್ ಚೆನ್ನಾಗಿ ಮಾಡಿದೀನಿ ಅಂತ ಗೊತ್ತಾಯ್ತಲ್ಲ" ಎಂದ. ಆಮೇಲೆ ಒಂದು ಸುತ್ತು ಹಾಕಿ ಬಂದೆವು. ಓಡುತ್ತದೆ. ಅದಕ್ಕಿಂತ ಹೆಚ್ಚು ಹೇಳುವಂಥದ್ದು ಏನಿಲ್ಲ.

ಇನ್ನೊಂದು ವಿಷಯ, ಇದಕ್ಕೂ ಅದಕ್ಕೂ ಸಂಬಂಧವಿಲ್ಲ. ಮೊನ್ನೆ ಆ ಕಡೆ ಹೋಗಿದ್ದೆ, ಸುಮ್ಮನೆ ನಿಮ್ಮ ಇಲಾಖೆಯ ಕಚೇರಿಗೂ ತಲೆ ಹಾಕಿ ಬಂದೆ. ಕುರ್ಚಿ ಚೆನ್ನಾಗಿದೆ. ಕಿಟಕಿಯ ಪಕ್ಕ, ಫ್ಯಾನಿನ ಕೆಳಗೆ. ನಮ್ಮ ಬಾಗಿಲಿಂದ ಆರುನೂರ ಎಂಬತ್ತು ಹೆಜ್ಜೆ, ನಿನ್ನ ಹೆಜ್ಜೆಯಾದರೆ ಕಡಿಮೆ ಆಗುತ್ತದೆ. ಮಧ್ಯಾಹ್ನ ಮನೆಗೇ ಊಟಕ್ಕೆ ಬರಬಹುದು. ನಿನ್ನ ಕೋಣೆಯ ಮಂಚದ ಕಾಲು ಅಲ್ಲಾಡುತ್ತಿತ್ತು, ಸರಿ ಮಾಡಿಸಿದೆ. ಬಚ್ಚಲಿನ ಗೋಡೆಗೆ, ಕೂತು ಏಳುವಾಗ ಹಿಡಿಯಲು ಒಂದು ಪೈಪು ಹಾಕಿಸಿದೆ, ನನಗೂ ವಯಸ್ಸಾಯಿತಲ್ಲ. ಸಂಜೆ ಐದೂವರೆಗೆ ಈ ಬೀದಿಯಲ್ಲಿ ಒಬ್ಬೊಬ್ಬರೇ ಕೆಲಸದಿಂದ ಮನೆಗೆ ಬರುತ್ತಾರೆ, ಗೇಟುಗಳು ಒಂದಾದ ಮೇಲೊಂದು ಸದ್ದು ಮಾಡುತ್ತವೆ. ನಮ್ಮ ಗೇಟಿಗೆ ಎಣ್ಣೆ ಹಾಕಿಲ್ಲ, ಸದ್ದು ಬರಲಿ ಎಂದೇ.

ದೇರ್‌ಫೋರ್, ಎಲ್ಲ ಅಳೆದು ಸುರಿದು ನೋಡಿದ ಮೇಲೆ ನನ್ನ ಓಟು ಗೇರಿನ ಗಾಡಿಗೆ. ಮೂವತ್ತು ವರ್ಷದ ಅನುಭವ ಸುಳ್ಳು ಹೇಳುವುದಿಲ್ಲ. ಫಾರಂನಲ್ಲಿ ಹಾಗೆಯೇ ಬರೆ.

ನಿನ್ನ ಜೊತೆಯಲ್ಲಿರುವ ಕಾಂಪೌಂಡರ್ ಅಮ್ಮನಿಗೆ ನಾನು ಕೇಳಿದೆ ಎಂದು ಹೇಳು, ನಿನಗೆ ಬೈದು ಊಟ ಮಾಡಿಸಿದ್ದಕ್ಕೆ ಒಂದು ದೊಡ್ಡ ನಮಸ್ಕಾರವನ್ನೂ ತಲುಪಿಸು. ಒದ್ದ ಹಸುವಿಗೂ ಅದರ ಕರುವಿಗೂ ಸಿಟ್ಟಿಲ್ಲದ ಆಶೀರ್ವಾದ. ನಿನಗೆ ನಾನು ಬೇರೆ ಏನು ಹರಸಲಿ, ಮಂಡಿ ಮಡಿಸಿ ನೆಲದ ಮೇಲೆ ಕೂರುವ ದಿನ ಬೇಗ ಬರಲಿ.

ನಿನ್ನ
ಅಪ್ಪ

ತಾ.ಕ.: ಗುಬ್ಬೀ, ಇದನ್ನು ಅಂಚೆ ಕಚೇರಿಯ ಮೆಟ್ಟಿಲ ಮೇಲೆ ಕೂತು, ತೊಡೆಯ ಮೇಲಿಟ್ಟು ಬರೆಯುತ್ತಿದ್ದೇನೆ. ಅಂಟಿಸಿದ ಲಕೋಟೆಯನ್ನು ಹರಿದು ತೆಗೆದೆ, ಅಕ್ಷರ ಕೆಟ್ಟಿದ್ದರೆ ತೊಡೆಯನ್ನು ಬೈದುಕೋ. ಇಪ್ಪತ್ತರೊಳಗೆ ನಿಮ್ಮ ಗುಡ್ಡ ತಲುಪುವ ಅಂಚೆ ಚೀಲ ಇದೊಂದೇ, ಹನ್ನೊಂದಕ್ಕೆ ಕಟ್ಟುತ್ತಾರೆ. ಬೇರೆ ಕಾಗದ ಬರೆಯಲು ಹೊತ್ತಿಲ್ಲ. ಗೇರಿನ ಗಾಡಿ ಬೇಡ. ಆಟೋಮ್ಯಾಟಿಕ್ ಎಂದು ಬರೆ.

ಮೇಲೆ ಬರೆದದ್ದರಲ್ಲಿ ಸುಳ್ಳು ಕಮ್ಮಿ, ಬಿಟ್ಟದ್ದು ಹೆಚ್ಚು. ಕ್ವಾರಿಯಲ್ಲಿ ಒಂದು ಸುತ್ತಲ್ಲ, ಏಳು. ಎರಡನೇ ಸುತ್ತಿನಿಂದ ನಾನು ಗ್ರೀಸಿನ ಕೈಯಲ್ಲಿ ಹಳೇ ಟ್ಯೂಬಿನ ತುಂಡಿನಿಂದ ನನ್ನ ಎಡಗಾಲನ್ನು ಸೀಟಿನ ಕಾಲಿಗೆ ಕಟ್ಟಿಸಿಕೊಂಡೆ. "ಯಾರಾದ್ರೂ ನೋಡಿದ್ರೆ ನಿಮ್ಮನ್ನ ಎತ್ತಾಕ್ಕೊಂಡು ಹೋಗ್ತಿದೀನಿ ಅನ್ಕೋತಾರೆ ಸಾರ್" ಎನ್ನುತ್ತಲೇ ಕಟ್ಟಿದ. ಹಾಗೆ ಕಟ್ಟಿಕೊಂಡೇ ಸಡಿಲ ಜಲ್ಲಿಯ ಏರು ಹತ್ತಿಸಿದೆ. ಬೇಕೆಂದೇ ನಡುವೆ ನಿಲ್ಲಿಸಿ ಮತ್ತೆ ಹೊರಡಿಸಿದೆ. ನನ್ನ ಜೀಪಾಗಿದ್ದರೆ ಅಲ್ಲಿ ಕ್ಲಚ್ ಸುಟ್ಟ ವಾಸನೆ ಬರುತ್ತಿತ್ತು, ಇಲ್ಲವೇ ಒಂದು ಮಾರು ಹಿಂದೆ ಜಾರುತ್ತಿತ್ತು. ಇದು ಒಂದು ಗೇಣು ಜಾರಲಿಲ್ಲ, ಇಂಜಿನ್ ಒಮ್ಮೆಯೂ ಆಫ್ ಆಗಲಿಲ್ಲ, ಎರಡೂ ಕೈ ಸ್ಟೀರಿಂಗ್ ಮೇಲೇ ಇದ್ದವು. ಇಳಿಜಾರಿನಲ್ಲೂ ಲೋ ಗೇರಿನ ಕಡ್ಡಿ ಎಳೆದು ಒಂದಕ್ಕೆ ಕಟ್ಟಿಹಾಕಿದರೆ ಮೂಗುದಾರ ಹಾಕಿದಂತೆಯೇ ಇಳಿಯಿತು. ಹಳೇ ಡ್ರೈವರುಗಳಿಗೆ ಇದು ಗೊತ್ತಿಲ್ಲ, ನನಗೂ ನಿನ್ನೆಯವರೆಗೆ ಗೊತ್ತಿರಲಿಲ್ಲ. ನಿನ್ನ ಕಾಲಿಗೋಸ್ಕರ ಗುಡ್ಡಕ್ಕೆ ಮೋಸವಾಗುವುದಿಲ್ಲ, ಮಗಳೇ. ಇದು ಅಪ್ಪನ ಮಾತಲ್ಲ, ಅಳತೆಯವನ ಮಾತು. ಗ್ರೀಸು, "ನಿಮ್ಮ ಮಗಳಿಗೆ ಅಂತಲೇ ಮಾಡ್ದಂಗಿದೆ ಸಾರ್" ಎಂದ. ಮಾತು ಸರಿಯಾಗಿತ್ತು, ಅದಕ್ಕೇ ನನಗೆ ಅವನ ಮೇಲೆ ಸಿಟ್ಟು ಬಂತು.

ಗೇರು ಎಂದು ಬರೆಸಿದರೆ ನೀನು ಮನೆಗೆ ಬರುತ್ತಿದ್ದೆ. ನನಗೆ ಬೇಕಾಗಿದ್ದದ್ದು ಅದು. ಈಗಷ್ಟೇ ನಿನ್ನ ಕಾಗದವನ್ನು ಮತ್ತೆ ಓದಿದೆ: ಎಂಟು ಪುಟ, ಏಳೂವರೆ ಪುಟ ಆ ಗುಡ್ಡದವರದ್ದು, ಅವರ ಕುರಿಯದ್ದು, ಅಡ್ಡ ಸಿಕ್ಕಿಕೊಂಡಿದ್ದ ಕರುವನ್ನು ನೀನು ಎಳೆದು ಬದುಕಿಸಿದ್ದು. ಕುರ್ಚಿಯ ಬಗ್ಗೆ ಒಂದೇ ಸಾಲು, ಅದೂ ಕೊನೆಯಲ್ಲಿ.

ಗಾಡಿ ಬಂದ ಮೇಲೆ ಮೊದಲ ವಾರ ನಿನ್ನ ಎಡಗಾಲೂ ಕ್ಲಚ್ ಹುಡುಕುತ್ತದೆ, ಸೀಟಿನ ಕೆಳಗೆ ಹಿಂದಕ್ಕೆ ಎಳೆದಿಟ್ಟುಕೋ. ಉದ್ದ ಇಳಿಜಾರಿನಲ್ಲಿ ಬ್ರೇಕಿನ ಮೇಲೆ ಕಾಲಿಟ್ಟುಕೊಂಡು ಹೋಗಬೇಡ. ಒಬ್ಬಳೇ ಹೋಗಬೇಡ ಎಂದು ಹೇಳುವ ಆಸೆ ಇದೆ, ಹೇಳುವುದಿಲ್ಲ. ಒಳಗಿಂದ ಗುಮಾಸ್ತರು, "ಯಜಮಾನರೇ, ಹಾಕ್ತೀರೋ ಇಲ್ವೋ, ಚೀಲ ಕಟ್ತಾ ಇದೀನಿ" ಎಂದು ಕೂಗುತ್ತಿದ್ದಾರೆ. ಲಕೋಟೆ ಹರಿದಿದೆ, ಅಂಟು ಕೇಳಬೇಕು. ಇನ್ನು ಒಂದು ಸಾಲು ಬರೆದರೂ ನನ್ನ ಮನಸ್ಸು ತಿರುಗೀತು, ಕೊಟ್ಟುಬಿಡುತ್ತೇನೆ.